ಹಿಟ್ಟಿನ ಕೋಳಿ ಮತ್ತು ಕೇಳದೆ ಉಳಿದ ಪ್ರಶ್ನೆ

ಜನ್ನನ ‘ಯಶೋಧರ ಚರಿತೆ’ಯನ್ನು ಎಂ.ಎ. ತರಗತಿಯಲ್ಲಿ ಓದುವಾಗ ನಮ್ಮ ಕೈಗೆ ಸಿಕ್ಕ ಕೀಲಿಕೈ ಒಂದೇ: ಸಂಕಲ್ಪಹಿಂಸೆ. ಕಡಿದದ್ದು ಹಿಟ್ಟಿನ ಕೋಳಿಯನ್ನೇ ಆದರೂ ಕಡಿಯುವ ಮನಸ್ಸಿತ್ತು, ಆದ್ದರಿಂದ ಜನ್ಮಜನ್ಮಾಂತರದ ನೋವು. ಪರೀಕ್ಷೆಗೆ ಇಷ್ಟು ಸಾಕಿತ್ತು. ನನಗೆ ಸಾಕಾಗಲಿಲ್ಲ. ನಾನು ಆಟಿಸಂ ಇರುವವನು. ಅದು ಗೊತ್ತಾದದ್ದು ಇಪ್ಪತ್ತೈದು ದಾಟಿದ ಮೇಲೆ. ‘ಅವರ ಮನಸ್ಸಿನಲ್ಲಿ ಏನಿತ್ತು?’ ಎಂಬುದು ನನಗೆ ಬರೀ ಪಠ್ಯದ ಪ್ರಶ್ನೆಯಲ್ಲ.

ನಮ್ಮೂರು ಖಟಕ ಚಿಂಚೋಳಿ. ನಾನು ಹನ್ನೊಂದರ ಹುಡುಗನಿದ್ದಾಗ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಿದ್ದೆವು. “ಭಜ್ಜಿ ಹ್ಯಾಂಗ ಆಗ್ಯಾದ?” ಎಂದು ಕಾಕು ಕೇಳಿದಳು. “ಉಪ್ಪು ಕಮ್ಮಿ ಆಗ್ಯಾದ. ಹೋದ ವರ್ಷ ಅವ್ವ ಮಾಡಿದ್ದೇ ಚಲೋ ಇತ್ತು” ಅಂದೆ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬೇಕಂತಲೇ ಅಂದಾನ” ಎಂದರು ಉಳಿದವರು. ಅದೇ ಮಧ್ಯಾಹ್ನ ಕಾಕಾನ ಮಗ ಓಡುವಾಗ ಕಾಲು ತಾಗಿ ಅಂಬಲಿಯ ಗಡಿಗೆ ಉರುಳಿತು. ಮೂರು ತಿಂಗಳು ನಾನು ಅವನೊಂದಿಗೆ ಮಾತು ಬಿಟ್ಟೆ. ಕೊನೆಗೊಂದು ದಿನ ಅವನೇ ಹೇಳಿದ: “ಎತ್ತು ಬಿಚ್ಚಿಕೊಂಡಿತ್ತೋ, ಹಿಡಿಲಕ್ ಓಡಿದ್ದೆ.” ಸಿಟ್ಟು ಅಲ್ಲೇ ಇಳಿಯಿತು. ಚೆಲ್ಲಿದ ಅಂಬಲಿ ನನಗೆ ಕಂಡಿತ್ತು, ಎತ್ತು ಕಂಡಿರಲಿಲ್ಲ.

2011ರಲ್ಲಿ ಜೋಸೆಫ್ ಮೊರಾನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ಇಂಥ ಸಂಗತಿಯದೇ. ಅರಿಯದೆ ಆದ ಹಾನಿಯ ಕಥೆಗಳನ್ನು ಕೊಟ್ಟು ತೀರ್ಪು ಕೇಳಿದಾಗ, ಆಟಿಸಂ ಇರುವ ವಯಸ್ಕರು ಉಳಿದವರಿಗಿಂತ ಹೆಚ್ಚು ತಪ್ಪು ಹೊರಿಸಿದರು. ಮಾಡಿದವನ ನಿರ್ದೋಷ ಉದ್ದೇಶಕ್ಕೆ ಅವರ ತಕ್ಕಡಿಯಲ್ಲಿ ತೂಕ ಕಡಿಮೆಯಿತ್ತು. ಗಡಿಗೆಯ ವಿಷಯದಲ್ಲಿ ಇದು ನನ್ನದೇ ಕಥೆ, ಒಪ್ಪುತ್ತೇನೆ. ಆದರೆ ಭಜ್ಜಿಯ ವಿಷಯದಲ್ಲಿ ನನ್ನ ಮನಸ್ಸನ್ನು ತಪ್ಪಾಗಿ ಓದಿದವರು ಉಳಿದವರು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಚಿಂತಕ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು ಇದನ್ನೇ: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು, ಒಬ್ಬರ ತಲೆಯೊಳಗಿನ ಕೊರತೆಯಲ್ಲ.

ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಜನ್ನನಿಗೆ ಬಂದೆ. 1209ರ ಈ ಕಾವ್ಯದ ಕಥೆ ಅವನಿಗಿಂತ ಹಳೆಯದು. 10ನೆಯ ಶತಮಾನದಲ್ಲಿ ಪುಷ್ಪದಂತ ಅದನ್ನು ಅಪಭ್ರಂಶದಲ್ಲಿ ಬರೆದದ್ದು ನಮ್ಮ ನೆರೆಯ ಜಿಲ್ಲೆಯ ಮಳಖೇಡದಲ್ಲಿ. ಜನ್ನನಲ್ಲಿ ದುರಂತ ಶುರುವಾಗುವುದು ಕತ್ತಿಯಿಂದಲ್ಲ, ಒಂದು ಮರೆಮಾತಿನಿಂದ. ಅಮೃತಮತಿ ಮಾವುತನ ಬಳಿ ಹೋದದ್ದನ್ನು ಯಶೋಧರ ಕಣ್ಣಾರೆ ಕಂಡಿದ್ದಾನೆ. ತಾಯಿ ಚಂದ್ರಮತಿಗೆ ಅದನ್ನು ಹೇಳಲಾರ. ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಡಿ ಹೇಳುತ್ತಾನೆ. ತಾಯಿ ಕನಸನ್ನೇ ನಂಬಿ, ಶಾಂತಿಗಾಗಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವಹಿಂಸೆ ಬೇಡವೆಂದು ಮಗ ಹಿಂಜರಿದಾಗ ನಡುದಾರಿಯಾಗಿ ಹಿಟ್ಟಿನ ಕೋಳಿ ಬರುತ್ತದೆ. ಕಡಿದಾಗ ಅದು ಕೂಗುತ್ತದೆ.

ಹಾಗಾದರೆ ಇಲ್ಲಿ ತೂಗಬೇಕಾದ ಸಂಕಲ್ಪ ಯಾವುದು? ಕಡಿಯುವುದೋ, ಕೊಲ್ಲದೆ ಉಳಿಯುವುದೋ, ತಾಯಿಯ ಮಾತು ನಡೆಸುವುದೋ? ಜನ್ನನ ತೀರ್ಪು ಸ್ಪಷ್ಟವಿದೆ. ಜೈನಧರ್ಮದ ದೃಷ್ಟಿಯಿಂದ ಅದು ಸರಿಯೇ. ನನ್ನ ತಕರಾರು ಕಾವ್ಯದ ಮೇಲಲ್ಲ, ತಪ್ಪನ್ನು ಒಬ್ಬನ ಎದೆಯೊಳಗೆ ಮಾತ್ರ ಹುಡುಕಿ ಮುಗಿಸುವ ನಮ್ಮ ಪಾಠದ ಮೇಲೆ. ಆ ಅರಮನೆಯಲ್ಲಿ ಎಲ್ಲರೂ ಸೂಚನೆಯ ಮಾತಿನಲ್ಲಿ ನುರಿತವರು. ಆದರೂ ಹೆತ್ತ ತಾಯಿಗೆ ಮಗನ ಮನಸ್ಸು ತಿಳಿಯಲಿಲ್ಲ. ನನ್ನಂಥವರಿಗೆ ಮುಖ ನೋಡಿ ಮನಸ್ಸು ಓದಲು ಬರುವುದಿಲ್ಲ ಎನ್ನುವವರು ಚಂದ್ರಮತಿಯನ್ನು ಒಮ್ಮೆ ನೆನೆಯಬೇಕು.

ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತು ಎನ್ನುವುದು ಸುಲಭ. ಅವಮಾನ ಬಾಯಿ ಕಟ್ಟುತ್ತದೆ. ಉದ್ದೇಶ ತಿಳಿದ ಮಾತ್ರಕ್ಕೆ ನೋವು ಅಳಿಯುವುದೂ ಇಲ್ಲ. ಕಾಕುವಿನ ಕಣ್ಣೀರು ನಿಜವಾದದ್ದು.

ಆದರೂ ಕಾವ್ಯದ ಹೊರಕಥೆ ಇನ್ನೊಂದು ದಾರಿ ತೋರುತ್ತದೆ. ಮಾರಿಗೆ ನರಬಲಿ ಕೊಡಲು ನಿಂತ ಮಾರಿದತ್ತನ ಮುಂದೆ ತಂದು ನಿಲ್ಲಿಸಿದ ಅಭಯರುಚಿ, ಅಭಯಮತಿ ಬೇರೆ ಯಾರೂ ಅಲ್ಲ. ಹಲವು ಜನ್ಮ ಸುತ್ತಿ ಬಂದ ಯಶೋಧರ ಮತ್ತು ಚಂದ್ರಮತಿ. ಅಂದು ತಾಯಿಗೆ ಹೇಳಲಾಗದ್ದನ್ನೆಲ್ಲ ಅಭಯರುಚಿ ಇಲ್ಲಿ ಒಬ್ಬ ಅಪರಿಚಿತನಿಗೆ ಬಿಚ್ಚಿ ಹೇಳುತ್ತಾನೆ. ಮಾರಿದತ್ತ ಬಲಿಯನ್ನು ಕೈಬಿಡುತ್ತಾನೆ. ಒಳಕಥೆಯಲ್ಲಿ ಮುಚ್ಚಿಟ್ಟ ಮಾತು ಕತ್ತಿ ಎತ್ತಿಸಿತು. ಹೊರಕಥೆಯಲ್ಲಿ ಬಿಚ್ಚಿಟ್ಟ ಮಾತು ಕತ್ತಿ ಇಳಿಸಿತು.

ಕನ್ನಡದಲ್ಲಿ ‘ಕೇಳು’ ಎಂದರೆ ಪ್ರಶ್ನಿಸು ಎಂದೂ ಹೌದು, ಕಿವಿಗೊಡು ಎಂದೂ ಹೌದು. ಮಾರಿದತ್ತ ಎರಡನ್ನೂ ಮಾಡಿದ. ಎಳ್ಳ ಅಮಾವಾಸ್ಯೆಯ ಆ ದಿನ ನಮ್ಮ ಹೊಲದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕಾಕಾನ ಮಗನನ್ನು ನಾನೂ ಕೇಳಲಿಲ್ಲ.