ಬರವಣಿಗೆ ಕೇಂದ್ರವೂ ಪ್ರೌಢಶಾಲೆಯೂ: ಒಂದು ವಿಮರ್ಶೆ

ಅಮೆರಿಕದ ಕಾಲೇಜುಗಳಲ್ಲಿ ಬರವಣಿಗೆ ಕೇಂದ್ರವೆಂಬುದು ಇಂದು ಪರಿಚಿತವಾದ ಸಂಸ್ಥೆ. ವಿದ್ಯಾರ್ಥಿಯು ತನ್ನ ಪ್ರಬಂಧದ ಕರಡನ್ನು ಅಲ್ಲಿಗೆ ಒಯ್ಯುತ್ತಾನೆ. ಅನೇಕ ವೇಳೆ ಮತ್ತೊಬ್ಬ ವಿದ್ಯಾರ್ಥಿಯೇ ಅವನೊಡನೆ ಕುಳಿತು ಅದನ್ನು ಓದಿ ಚರ್ಚಿಸುತ್ತಾನೆ. ಇಂಥ ಕೇಂದ್ರಗಳು ನೆರೆಯ ಪ್ರೌಢಶಾಲೆಗಳೊಡನೆ ಕೂಡಿ ಕೆಲಸಮಾಡಬೇಕೆಂಬ ವಾದವು ಉಚಿತವಾದುದೇ. ಆದರೆ ಸಹಯೋಗವೆಂಬ ಒಂದೇ ಹೆಸರಿನ ಅಡಿಯಲ್ಲಿ ಪರಸ್ಪರ ವಿರುದ್ಧವಾದ ಎರಡು ಪರಂಪರೆಗಳು ಬೆರೆತಿವೆ. ಅವನ್ನು ಬೇರ್ಪಡಿಸಿ ನೋಡುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.

ಮೊದಲನೆಯದು ಆರೋಪದ ಪರಂಪರೆ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್, ಗಾಡ್ಕಿನ್ ಮತ್ತು ಕ್ವಿನ್ಸಿ ಇವರ ಸಮಿತಿಯು 1892ರಲ್ಲಿ ವರದಿಯನ್ನು ಒಪ್ಪಿಸಿ, ಪ್ರಾಥಮಿಕ ಬರವಣಿಗೆಯನ್ನು ಕಲಿಸುವುದು ಕಾಲೇಜಿನ ಕೆಲಸವಲ್ಲ, ಪೂರ್ವಸಿದ್ಧತೆಯ ಶಾಲೆಗಳ ಕೆಲಸವೆಂದು ತೀರ್ಮಾನಿಸಿತು. ಕಾಲೇಜಿನ ಬೋಧಕರು ಪ್ರಬಂಧಗಳ ರಾಶಿಯನ್ನು ತಿದ್ದುತ್ತ ದಣಿಯುತ್ತಿದ್ದುದು ನಿಜ. ಸಮಿತಿಯು ಅದನ್ನು ಗುರುತಿಸಿದ್ದು ಶ್ಲಾಘ್ಯ. ಆದರೆ ಹೊರೆಯನ್ನು ಶಾಲೆಯ ಮೇಲೆ ಇಳಿಸಿದ ಆ ವಿದ್ವಾಂಸರು ಶಾಲಾ ಶಿಕ್ಷಕರನ್ನು ಸಮಾನರೆಂದು ಜತೆಗೆ ಕೂರಿಸಿಕೊಳ್ಳಲಿಲ್ಲ. 1975ರಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯು ಜಾನಿಗೆ ಬರೆಯಲು ಏಕೆ ಬಾರದೆಂದು ಕೇಳಿದಾಗಲೂ ಧ್ವನಿಸಿದ್ದು ಇದೇ ಹಳೆಯ ದೂರು.

ಎರಡನೆಯದು ವಿನಿಮಯದ ಪರಂಪರೆ. 1974ರಲ್ಲಿ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ಅವರು ಆರಂಭಿಸಿದ ಬೇ ಏರಿಯಾ ಬರವಣಿಗೆ ಯೋಜನೆಯು ಶಾಲಾ ಶಿಕ್ಷಕರನ್ನು ಬೇಸಿಗೆಯಲ್ಲಿ ವಿಶ್ವವಿದ್ಯಾನಿಲಯಕ್ಕೆ ಕರೆಯಿತು. ಉಪದೇಶ ಕೇಳುವುದಕ್ಕಲ್ಲ, ತಾವೇ ಬರೆಯುವುದಕ್ಕೆ, ತಮ್ಮ ತರಗತಿಯ ಅನುಭವವನ್ನು ಇತರ ಶಿಕ್ಷಕರಿಗೆ ಕಲಿಸುವುದಕ್ಕೆ. ಮುಂದೆ ಅದು ರಾಷ್ಟ್ರವ್ಯಾಪಿಯಾಯಿತು. 2011ರಲ್ಲಿ ಸಂಯುಕ್ತ ಸರ್ಕಾರದ ನೇರ ಅನುದಾನ ನಿಂತರೂ ಯೋಜನೆ ಅಳಿಯಲಿಲ್ಲ. ಏಕೆಂದರೆ ಅದರ ಬಂಡವಾಳವು ಶಿಕ್ಷಕರಲ್ಲಿಯೇ ಇತ್ತು ಎಂಬುದು ನಮ್ಮ ಅಭಿಪ್ರಾಯ.

ಬರವಣಿಗೆ ಕೇಂದ್ರದ ಸಹಯೋಗವನ್ನು ಈ ಎರಡರ ನಡುವೆ ಇಟ್ಟು ಅಳೆಯಬೇಕು. ಕೇಂದ್ರದ ಗುರಿ ಬರಹವನ್ನು ತಿದ್ದುವುದಲ್ಲ, ಬರೆಯುವವನನ್ನು ಬೆಳೆಸುವುದು ಎಂದು ಸ್ಟೀಫನ್ ನಾರ್ತ್ ಅವರು 1984ರಲ್ಲಿ ವಾದಿಸಿದರು. ಕಾಲೇಜಿನ ತರುಣರು ವಾರಕ್ಕೊಮ್ಮೆ ಶಾಲೆಗೆ ಬಂದು ಪ್ರಬಂಧಗಳನ್ನು ತಿದ್ದಿ ಹೋಗುವ ವ್ಯವಸ್ಥೆಯು ಈ ತತ್ತ್ವಕ್ಕೆ ವಿರುದ್ಧ. ಅವಧಿ ಮುಗಿದೊಡನೆ ಅವರು ಮರಳುತ್ತಾರೆ. ಶಾಲೆಯು ಇದ್ದಂತೆಯೇ ಉಳಿಯುತ್ತದೆ. ಪಮೇಲಾ ಫ್ಯಾರೆಲ್ ಅವರು 1989ರಲ್ಲಿ ಸಂಪಾದಿಸಿದ ಗ್ರಂಥದ ವಸ್ತುವು ಪ್ರೌಢಶಾಲೆಯೇ ತನ್ನ ಕೇಂದ್ರವನ್ನು ಸ್ಥಾಪಿಸಿ ನಡೆಸಿಕೊಳ್ಳುವ ಬಗೆ. ಈ ಮಾರ್ಗವೇ ಮೇಲು.

ಹಾಗಾದರೆ ಕಾಲೇಜು ಕೊಡತಕ್ಕದ್ದು ಏನೂ ಇಲ್ಲವೇ ಎಂದು ಕೇಳಬಹುದು. ಉಂಟು. ತಾನು ಯಾವುದನ್ನು ಒಳ್ಳೆಯ ಬರಹವೆನ್ನುತ್ತದೆ, ಆಧಾರಗಳನ್ನು ಹೇಗೆ ತೂಗುತ್ತದೆ ಎಂಬುದನ್ನು ಅದು ಬಿಚ್ಚಿ ಹೇಳಬೇಕು. ನಗರದ ಸಿರಿವಂತ ಶಾಲೆಯ ಹುಡುಗನಿಗೆ ಮನೆಯಲ್ಲಿಯೇ ತಿಳಿಯುವ ಈ ಮರ್ಮವು ಬಡವರ ಮಗಳಿಗೆ ಅನುತ್ತೀರ್ಣಳಾದ ಬಳಿಕವೇ ತಿಳಿಯುವುದು ಅನ್ಯಾಯ. ಕಾಲೇಜು ಪಡೆಯತಕ್ಕದ್ದೂ ಉಂಟು: ಹದಿನೈದರ ಬಾಲಕರು ಹೇಗೆ ಯೋಚಿಸುತ್ತಾರೆಂಬುದನ್ನು ಬಲ್ಲವರು ಶಾಲೆಯ ಉಪಾಧ್ಯಾಯರೇ.

ಆದಕಾರಣ ಇಂಥ ಪ್ರತಿಯೊಂದು ಯೋಜನೆಗೂ ಒಂದು ಪ್ರಶ್ನೆಯನ್ನು ಹಾಕಬೇಕು: ವರ್ಷಾಂತ್ಯದಲ್ಲಿ ಶಾಲೆಯಿಂದ ಕಾಲೇಜು ಏನನ್ನು ಕಲಿಯಿತು? ಉತ್ತರವಿಲ್ಲದ ಪಕ್ಷದಲ್ಲಿ ಅದು ಸಹಯೋಗವಲ್ಲ. 1892ರ ವರದಿಯ ಸೌಮ್ಯವಾದ ಪುನರ್ಮುದ್ರಣ.