ಕಿರುನಾಣ್ಯಗಳ ನಾಮವಿಚಾರ

ಹಣಕ್ಕೆ ಹೆಸರಿಡುವದು ಅರಸನ ಅಧಿಕಾರವೆಂಬದು ಸಾಮಾನ್ಯವಾದ ತಿಳಿವಳಿಕೆ. ಗದ್ಯಾಣ, ವರಾಹ, ರೂಪಾಯಿಗಳಂಥ ದೊಡ್ಡ ನಾಣ್ಯಗಳ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ನಿಜವೂ ಆಗಿರಬಹುದು. ಆದರೆ ಕಿರುನಾಣ್ಯದ ಹೆಸರಿನ ಹಣೆಬರಹವನ್ನು ಬರೆಯುವವರು ಬೇರೆ. ಸಂತೆಯಲ್ಲಿ ಸೊಪ್ಪು ಮಾರುವವಳು, ಕೂಲಿಯನ್ನು ಎಣಿಸಿಕೊಳ್ಳುವ ನೇಕಾರ, ದಿನದ ಖರ್ಚನ್ನು ಬರೆದಿಡುವ ಗೃಹಿಣಿ, ಇವರು ಒಪ್ಪಿದ ಹೆಸರು ಉಳಿಯುತ್ತದೆ; ಇವರು ಒಪ್ಪದ ಹೆಸರು ನಾಣ್ಯದ ಮೈಮೇಲೆ ಅಚ್ಚೊತ್ತಿದ್ದರೂ ಅಳಿಯುತ್ತದೆ. ಶಬ್ದಗಳ ಇತಿಹಾಸದಲ್ಲಿ ಪ್ರಜೆಗಳ ತೀರ್ಪು ಇಷ್ಟು ಸ್ಪಷ್ಟವಾಗಿ ಕಾಣುವ ಎಡೆಗಳು ಹೆಚ್ಚಿಲ್ಲ.

ಈ ವಿಚಾರಕ್ಕೆ ಈಗ ಹೊಸದೊಂದು ಪ್ರಸಂಗ ಒದಗಿದೆ. ಕೈಯಿಂದ ಮುಟ್ಟಲು ಬಾರದ, ಗಣಕಯಂತ್ರದ ಲೆಕ್ಕದಲ್ಲಿ ಮಾತ್ರ ಇರುವ ಡಿಜಿಟಲ್ ಹಣವು ಲೋಕದಲ್ಲಿ ಹುಟ್ಟಿಕೊಂಡಿದೆ. 2009ರಲ್ಲಿ ಬಿಟ್‌ಕಾಯಿನ್, 2015ರಲ್ಲಿ ಈಥರ್ ಬಂದವು. ಇವು ಯಾವ ಸರಕಾರದ ಮುದ್ರೆಯನ್ನೂ ಹೊತ್ತವುಗಳಲ್ಲ. 2022ರ ಡಿಸೆಂಬರ್ 1ರಂದು ಭಾರತೀಯ ರಿಸರ್ವ್ ಬ್ಯಾಂಕು ತನ್ನದೇ ಆದ ಡಿಜಿಟಲ್ ರೂಪಾಯಿಯನ್ನು ಸಾಮಾನ್ಯ ಜನರ ಬಳಕೆಗಾಗಿ ಪ್ರಯೋಗರೂಪದಿಂದ ಆರಂಭಿಸಿತು. ಇಂಥ ಹಣವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯಬಹುದು. ಒಡೆದ ತುಂಡಿಗೆ ಏನೆಂದು ಹೆಸರಿಡಬೇಕು? ಈ ಪ್ರಶ್ನೆಯು ಕೇವಲ ಯಂತ್ರಜ್ಞರದೆಂದು ತೋರಬಹುದು. ಆದರೆ ಇದರ ಉತ್ತರದ ಬಹುಭಾಗ ಕನ್ನಡ ನಾಡಿನ ಅನುಭವದಲ್ಲಿಯೇ ಅಡಗಿದೆ.

ಮೊದಲು ಪೂರ್ವಿಕರ ಪದ್ಧತಿಯನ್ನು ನೋಡುವದು ಯುಕ್ತ. ಹುನಗುಂದ ತಾಲೂಕಿನ ಐಹೊಳೆಯು ಗುಡಿಗಳಿಗೆ ಮಾತ್ರ ಹೆಸರಾದ ಊರಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ದಕ್ಷಿಣ ದೇಶದಲ್ಲೆಲ್ಲ ಈ ಊರಿನ ಹೆಸರನ್ನು ಹೊತ್ತು ತಿರುಗಿತು. ಆ ಕಾಲದ ಶಾಸನಗಳಲ್ಲಿ ಸುಂಕವನ್ನೂ ದತ್ತಿಯನ್ನೂ ಹೇಳುವಾಗ ಗದ್ಯಾಣ, ಪಣ, ಹಾಗ, ಬೇಳೆ, ವೀಸ ಎಂಬ ಮಾತುಗಳು ಬರುತ್ತವೆ. ಪಣದ ಕಾಲುಭಾಗ ಹಾಗ, ಎಂಟನೆಯ ಭಾಗ ಬೇಳೆ, ಹದಿನಾರನೆಯ ಭಾಗ ವೀಸ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ಹೆಸರುಗಳು ನಾಣ್ಯದ ಹೆಸರುಗಳಾಗಿದ್ದಂತೆಯೇ ಭಿನ್ನರಾಶಿಯ ಹೆಸರುಗಳೂ ಆಗಿದ್ದವು. ವೀಸವೆಂದರೆ ಸಾಕು, ಕೇಳಿದವನಿಗೆ ಹದಿನಾರರಲ್ಲಿ ಒಂದು ಎಂದು ತಿಳಿಯುತ್ತಿದ್ದಿತು. ಕೋಷ್ಟಕವನ್ನು ಬೇರೆ ಬಾಯಿಪಾಠ ಮಾಡಬೇಕಾಗಿರಲಿಲ್ಲ, ಹೆಸರೇ ಕೋಷ್ಟಕ. ಅರ್ಧದ ಅರ್ಧ, ಅದರ ಅರ್ಧ ಎಂದು ಇಳಿಯುವ ಈ ಕ್ರಮವು ಅಕ್ಷರ ಬಾರದವನಿಗೂ ಎಟುಕುವಂಥದು. ರೊಟ್ಟಿಯನ್ನು ಮುರಿಯಬಲ್ಲವನೆಲ್ಲ ಈ ಗಣಿತವನ್ನು ಬಲ್ಲ.

ದೊಡ್ಡ ಸಂಖ್ಯೆಗಳ ವಿಷಯದಲ್ಲಿಯೂ ಪೂರ್ವಿಕರು ಹಿಂದೆ ಬಿದ್ದಿರಲಿಲ್ಲ. 9ನೆಯ ಶತಮಾನದಲ್ಲಿ ನೃಪತುಂಗನ ಆಳಿಕೆಯಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಸಂಖ್ಯೆಯ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಆದರೆ ಆ ಹೆಸರುಗಳಲ್ಲಿ ಕೋಟಿಯಿಂದಾಚೆಗಿನವು ಪಂಡಿತರ ಪುಸ್ತಕದಲ್ಲಿಯೇ ಉಳಿದವು. ಸಂತೆಗೆ ಇಳಿದು ಬರಲಿಲ್ಲ. ವೀಸವಾದರೋ ಶಾಸನದಿಂದ ಸಂತೆಗೆ, ಸಂತೆಯಿಂದ ಮನೆಗೆ ಬಂದು, ನಾಣ್ಯವು ಹೋದ ಎಷ್ಟೋ ಕಾಲದ ನಂತರವೂ ‘ವೀಸದಷ್ಟೂ ಇಲ್ಲ’ ಎಂಬ ಮಾತಿನಲ್ಲಿ ಬದುಕಿದೆ. ಬಳಕೆಗೆ ಬಾರದ ಹೆಸರು ಎಷ್ಟು ಗಂಭೀರವಾದರೂ ನಿಷ್ಫಲವೆಂಬದಕ್ಕೆ ಇದೊಂದು ನಿದರ್ಶನ.

ಇದಕ್ಕೂ ಸ್ಪಷ್ಟವಾದ ನಿದರ್ಶನವು ಶ್ರೀರಂಗಪಟ್ಟಣದ್ದು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ತನ್ನ ನಾಣ್ಯಗಳಿಗೆಲ್ಲ ಹೊಸ ಹೆಸರುಗಳನ್ನು ಇಟ್ಟನು. ತಾಮ್ರದ ಚಿಲ್ಲರೆಗೆ ಆಕಾಶದಿಂದ ಹೆಸರುಗಳನ್ನು ಇಳಿಸಲಾಯಿತು. ಎರಡು ಪೈಸೆಯ ನಾಣ್ಯಕ್ಕೆ ಗುರುಗ್ರಹದ ಹೆಸರಾದ ಮುಷ್ತರಿ, ಪೈಸೆಗೆ ಶುಕ್ರನ ಹೆಸರಾದ ಜೊಹ್ರಾ, ಅರ್ಧಪೈಸೆಗೆ ಮಂಗಳನ ಹೆಸರಾದ ಬಹ್ರಾಮ್, ಕಾಲುಪೈಸೆಗೆ ನಕ್ಷತ್ರವೆಂಬರ್ಥದ ಅಖ್ತರ್, ಅದರ ಅರ್ಧಕ್ಕೆ ಧ್ರುವವೆಂಬರ್ಥದ ಕುತ್ಬ್. ಕಲ್ಪನೆಯ ದೃಷ್ಟಿಯಿಂದ ಇಷ್ಟು ಸೊಗಸಾದ ನಾಮಮಾಲೆಯನ್ನು ಕಾಣುವದು ದುರ್ಲಭ. ಆದರೆ ಶುಕ್ರನಲ್ಲಿ ಎಷ್ಟು ಮಂಗಳರೆಂದು ಮಾರುವವಳಿಗೆ ಹೇಳುವವರಾರು? ಹೆಸರಿನಲ್ಲಿ ಪ್ರಮಾಣದ ಸುಳಿವೇ ಇಲ್ಲ. ಜನರು ನಾಣ್ಯದ ಮೇಲಿನ ಆನೆಯನ್ನು ನೋಡಿ ‘ಆನೆಕಾಸು’ ಎಂದರು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಕಾಸು’ ಎಂಬ ಹಳೆಯ ಮಾತೇ 20, 10, 5 ಎಂಬ ಸಂಖ್ಯೆಗಳೊಡನೆ ಮರಳಿ ಬಂದಿತು. ನಕ್ಷತ್ರಗಳು ಅಸ್ತವಾದವು, ಕಾಸು ಉಳಿಯಿತು.

ಬಾಗಲಕೋಟೆಯ ಸೀಮೆಯು ಇನ್ನೊಂದು ದಾರಿಯಲ್ಲಿ ಇದೇ ಪಾಠವನ್ನು ಕಲಿತಿತು. ಪೇಶವೆಯರ ಕಾಲದಲ್ಲಿ ಬಾಗಲಕೋಟೆಯಲ್ಲಿಯೇ ಒಂದು ಟಂಕಸಾಲೆಯಿದ್ದಿತು. 1835ರಲ್ಲಿ ಕಂಪನಿ ಸರಕಾರವು ತನ್ನ ಪ್ರಾಂತಗಳಿಗೆಲ್ಲ ಒಂದೇ ರೂಪಾಯಿಯನ್ನು ಗೊತ್ತುಮಾಡಿದ ಬಳಿಕ ಊರೂರಿನ ರೂಪಾಯಿಗಳು ಕ್ರಮೇಣ ಮಾಯವಾದವು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಈ ಕೋಷ್ಟಕವು ಪರಕೀಯ ಸರಕಾರದ್ದಾದರೂ ಜನರಿಗೆ ಪರಕೀಯವೆನಿಸಲಿಲ್ಲ. ಯಾಕೆಂದರೆ ಹದಿನಾರರ ಲೆಕ್ಕವು ವೀಸದಿಂದ ಮೊದಲೇ ಪರಿಚಿತ. ಆಣೆಯು ಕನ್ನಡದ ಸಂಖ್ಯೆಗಳೊಡನೆ ಸಂಧಿಗೊಂಡು ನಾಲ್ಕಾಣೆ, ಎಂಟಾಣೆಯಾಯಿತು; ನಾಲ್ಕಾಣೆಗೆ ಪಾವಲಿಯೆಂಬ ಇನ್ನೊಂದು ಹೆಸರೂ ಬಂದಿತು; ಪೂರ್ಣಸತ್ಯಕ್ಕೆ ‘ಹದಿನಾರಾಣೆ ನಿಜ’ ಎಂಬ ನುಡಿಯೇ ಹುಟ್ಟಿತು. ಪರಭಾಷೆಯ ಶಬ್ದವಾದುದರಿಂದ ಹೆಸರು ಕೆಡುವದಿಲ್ಲ. ಎಣಿಕೆಗೆ ಒಗ್ಗದಿದ್ದರೆ ಕೆಡುತ್ತದೆ.

1957ರ ಎಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು, ರೂಪಾಯಿಗೆ 100 ‘ನಯೆ ಪೈಸೆ’ಗಳಾದವು. ಶಾಲೆಯ ಲೆಕ್ಕಕ್ಕೂ ಕಚೇರಿಯ ಲೆಕ್ಕಕ್ಕೂ ಇದರಿಂದಾದ ಉಪಕಾರವು ನಿಸ್ಸಂದೇಹವಾದದ್ದು. ಆದರೆ ಹೆಸರನ್ನು ಮಾತ್ರ ವಿಮರ್ಶೆಗೆ ಒಡ್ಡಬೇಕಾಗುತ್ತದೆ. ‘ಹೊಸದು’ ಎಂಬದು ವಿಶೇಷಣವೇ ಹೊರತು ನಾಮವಲ್ಲ. ಬಾಗಲಕೋಟೆಯಲ್ಲಿ ನವನಗರವೆಂಬ ಹೆಸರು ನಿಂತಿದೆಯಲ್ಲ ಎನ್ನಬಹುದು. ಹಿನ್ನೀರಿಗೆ ಬಹುಭಾಗವನ್ನು ಒಪ್ಪಿಸಿದರೂ ಹಳೆಯ ಊರು ಪಕ್ಕದಲ್ಲಿಯೇ ಇರುವದರಿಂದ ಅಲ್ಲಿ ‘ನವ’ಕ್ಕೆ ಅರ್ಥವಿದೆ. ಹಳೆಯ ಪೈಸೆಯು ಚಲಾವಣೆಯಿಂದ ಹೋದ ಮೇಲೆ ‘ನಯೆ’ ಎಂಬದಕ್ಕೆ ಆಧಾರವೇ ಉಳಿಯಲಿಲ್ಲ. 1964ರಲ್ಲಿ ಸರಕಾರವೇ ಅದನ್ನು ಕೈಬಿಟ್ಟಿತು. ಇತ್ತ ಜನರು 25 ಪೈಸೆಗೆ ನಾಲ್ಕಾಣೆಯೆಂದೂ 50 ಪೈಸೆಗೆ ಎಂಟಾಣೆಯೆಂದೂ ದಶಕಗಳವರೆಗೆ ಕರೆಯುತ್ತ ಬಂದರು; ಆಣೆಯಿಲ್ಲದ ದೇಶದಲ್ಲಿ ಆಣೆಯ ಹೆಸರು ಚಲಾವಣೆಯಲ್ಲಿತ್ತು.

ಆ ಸಂಧಿಕಾಲದ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಒಂದು ಆಣೆಯು ಲೆಕ್ಕದಂತೆ ಆರೂಕಾಲು ನಯೆ ಪೈಸೆಯಾಗುತ್ತದೆ. ಕಾಲುಪೈಸೆಯ ನಾಣ್ಯವಿಲ್ಲದ್ದರಿಂದ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಕೋಷ್ಟಕ ಮಾಡಲಾಯಿತು. ನಾಲ್ಕಾಣೆಯನ್ನು ಒಟ್ಟಿಗೆ ಬದಲಿಸಿದವನಿಗೆ 25 ಬಂದರೆ, ಒಂದೊಂದೇ ಆಣೆಯಾಗಿ ನಾಲ್ಕು ಸಲ ಬದಲಿಸಿದವನಿಗೆ 24 ಬರುತ್ತಿದ್ದವು. ಒಟ್ಟಿಗೆ ಬದಲಿಸುವವನು ಉಳ್ಳವನು. ಒಂದೊಂದೇ ಆಣೆಯನ್ನು ತರುವವನು ಬಡವ. ಹೆಸರೂ ನಾಣ್ಯವೂ ಇಲ್ಲದ ಕಾಲುಪೈಸೆಯು ಯಾರ ಕೈಯಿಂದ ಜಾರಿತೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಕಿರುನಾಣ್ಯದ ನಾಮಕರಣದಲ್ಲಿ ನ್ಯಾಯದ ಪ್ರಶ್ನೆಯೂ ಇದೆಯೆಂಬದು ಇದರಿಂದ ಸಿದ್ಧವಾಗುತ್ತದೆ.

ಈ ಹಿನ್ನೆಲೆಯಲ್ಲಿ ಹೊಸ ಹಣದ ಹೆಸರುಗಳನ್ನು ಪರೀಕ್ಷಿಸಬಹುದು. ಬಿಟ್‌ಕಾಯಿನ್ನಿನ ಹತ್ತುಕೋಟಿಯಲ್ಲಿ ಒಂದು ಭಾಗಕ್ಕೆ ಸತೋಶಿಯೆಂದು ಹೆಸರು. ಅದನ್ನು ನಿರ್ಮಿಸಿದ, ಇನ್ನೂ ಗುರುತು ಹತ್ತದ ಸತೋಶಿ ನಕಮೋಟೊ ಎಂಬುವರ ಗೌರವಾರ್ಥವಾಗಿ ಇಟ್ಟದ್ದು. ಈಥರಿನ ಅತಿ ಸಣ್ಣ ಅಂಶವು ವೇ. 1ರ ಮುಂದೆ 18 ಸೊನ್ನೆಗಳನ್ನಿಟ್ಟಷ್ಟು ವೇಗಳು ಕೂಡಿದರೆ ಒಂದು ಈಥರ್. ನಡುವೆ ಈಥರಿನ ಸಾವಿರದಲ್ಲೊಂದು ಭಾಗಕ್ಕೆ ಫಿನ್ನಿ, ಹತ್ತುಲಕ್ಷದಲ್ಲೊಂದು ಭಾಗಕ್ಕೆ ಸ್ಜಾಬೊ. ಇವೆಲ್ಲ ಗೂಢಲಿಪಿಶಾಸ್ತ್ರಕ್ಕೂ ಡಿಜಿಟಲ್ ಹಣದ ವಿಚಾರಕ್ಕೂ ದುಡಿದ ವಿದ್ವಾಂಸರ ಹೆಸರುಗಳು. ಗೌರವವು ಯೋಗ್ಯವಾದದ್ದೇ, ವಿದ್ಯುತ್ತಿನ ಮಾನಗಳಿಗೂ ವಿಜ್ಞಾನಿಗಳ ಹೆಸರುಗಳಿವೆಯಷ್ಟೆ. ಆದರೆ ವಿದ್ಯುತ್ತನ್ನು ಯಾರೂ ಚೌಕಾಶಿ ಮಾಡಿ ಕೊಳ್ಳುವದಿಲ್ಲ. ಹಣವನ್ನು ಬಾಯಿಂದಲೇ ಎಣಿಸಬೇಕು. ಫಿನ್ನಿ ದೊಡ್ಡದೋ ಸ್ಜಾಬೊ ದೊಡ್ಡದೋ ಎಂದು ಹೆಸರಿನಿಂದ ತಿಳಿಯುವ ಬಗೆಯಿಲ್ಲ. ಫಲವೂ ಶ್ರೀರಂಗಪಟ್ಟಣದಲ್ಲಿ ಆದಂತೆಯೇ ಆಯಿತು. ಈಥರಿನ ವ್ಯವಹಾರಗಳನ್ನು ಬರೆಯುವ ಸಾಲಿಡಿಟಿ ಎಂಬ ಗಣಕಭಾಷೆಯಿಂದ, ಬಳಕೆ ವಿರಳವೆಂಬ ಕಾರಣಕ್ಕೆ, ಫಿನ್ನಿ ಸ್ಜಾಬೊಗಳೆರಡನ್ನೂ 2020ರಲ್ಲಿ ತೆಗೆದುಹಾಕಲಾಯಿತು. ಶುಲ್ಕದ ಲೆಕ್ಕಕ್ಕೆ ನಿತ್ಯ ಬೇಕಾಗುವ, ನೂರುಕೋಟಿ ವೇಗಳಿಗೆ ಸಮನಾದ ಗ್ವೇ ಮಾತ್ರ ನಿಂತಿತು. ಸತೋಶಿಯೂ ಬಳಕೆದಾರರ ಬಾಯಲ್ಲಿ ‘ಸ್ಯಾಟ್’ ಆಗಿ ಕುಗ್ಗಿ ಬದುಕಿದೆ. ಗೌರವದಿಂದ ಹೆಸರು ಹುಟ್ಟಬಹುದು, ಬದುಕುವದು ಎಣಿಕೆಯಿಂದ.

ಇನ್ನು, ಹಳಗನ್ನಡದ ವೀಸ ಹಾಗಗಳನ್ನೇ ಈ ಹೊಸ ತುಂಡುಗಳಿಗೆ ಅಂಟಿಸಬಾರದೇಕೆ ಎಂದು ಭಾಷಾಭಿಮಾನಿಗಳು ಕೇಳಬಹುದು. ಅಭಿಮಾನವು ಸ್ತುತ್ಯವಾದರೂ ಸಲಹೆಯು ಗ್ರಾಹ್ಯವಲ್ಲ. ವೀಸದ ಸತ್ವವೆಲ್ಲ ಅದು ಹದಿನಾರನೆಯ ಒಂದು ಭಾಗವೆಂಬದರಲ್ಲಿದೆ. ಅದನ್ನು ನೂರನೆಯ ಭಾಗಕ್ಕೋ ಕೋಟಿಯ ಭಾಗಕ್ಕೋ ಹಚ್ಚಿದರೆ ಶಬ್ದವು ಉಳಿದು ಅರ್ಥವು ಸಾಯುತ್ತದೆ. ಅದು ಪೂರ್ವಿಕರಿಗೆ ಸಲ್ಲಿಸಿದ ಮರ್ಯಾದೆಯಾಗದು. ಕಾಸಿನ ಸ್ಥಿತಿ ಬೇರೆ. ಅದು ಯಾವ ಒಂದು ಪ್ರಮಾಣಕ್ಕೂ ಶಾಶ್ವತವಾಗಿ ಕಟ್ಟುಬೀಳದೆ, ಕಾಲಕಾಲದ ಅತಿ ಸಣ್ಣ ನಾಣ್ಯಕ್ಕೆ ಸಲ್ಲುತ್ತ ಬಂದ ಮಾತು. ಕಾಸಿನ ನಾಣ್ಯವಿಲ್ಲದ ಇಂದಿಗೂ ಬಿಡಿಗಾಸು, ಪುಡಿಗಾಸು, ಚಿಕ್ಕಾಸು ಎಂಬ ಸಮಾಸಗಳು ಮನೆಮಾತಿನಲ್ಲಿವೆ; ‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಗಾದೆಯೂ ಹಳಸಿಲ್ಲ. ಇನ್ನು ಒಡೆಯಲಾರದ ಕೊನೆಯ ತುಂಡಿಗೆ ಕನ್ನಡದಲ್ಲಿ ಹೆಸರು ಬೇಕಾದರೆ ಕಾಸಿಗಿಂತ ಯೋಗ್ಯವಾದದ್ದು ಸಿಕ್ಕದು.

ಡಿಜಿಟಲ್ ರೂಪಾಯಿಗೆ ಹೊಸ ಕಿರುನಾಮವನ್ನು ಹುಡುಕದೆ ರೂಪಾಯಿ ಪೈಸೆಗಳನ್ನೇ ಉಳಿಸಿಕೊಂಡದ್ದು ವಿವೇಕದ ಕೆಲಸ. ಆದರೆ ಪೈಸೆಯ ಅವಸ್ಥೆಯೇನು? 25 ಪೈಸೆಯೂ ಅದಕ್ಕಿಂತ ಕಡಿಮೆಯ ನಾಣ್ಯಗಳೂ 2011ರ ಜೂನ್ 30ರಿಂದ ಚಲಾವಣೆಯನ್ನು ಕಳೆದುಕೊಂಡವು. 50 ಪೈಸೆಯು ಕಾಯದೆಯಂತೆ ಸಲ್ಲುವದಾದರೂ ಸಂತೆಯಲ್ಲಿ ಅದನ್ನು ಕಾಣುವದು ಅಪರೂಪ. ಹೀಗೆ ಪೈಸೆಯು ದೇಹವನ್ನು ಬಿಟ್ಟು ಲೆಕ್ಕದಲ್ಲಿ ಮಾತ್ರ ಉಳಿದಿದೆ. ಬ್ಯಾಂಕಿನ ಬಡ್ಡಿಯಲ್ಲಿ, ಮೊಬೈಲಿನ ಹಣಸಂದಾಯದಲ್ಲಿ ಇದೆ, ಮಾತಿನಲ್ಲಿ ಇಲ್ಲ. ಮಾತಿನಲ್ಲಿ ಇಲ್ಲದ್ದನ್ನು ಕೇಳಿ ಪಡೆಯುವವರಿಲ್ಲ. ಚಿಲ್ಲರೆಯಿಲ್ಲವೆಂದು ಅಂಗಡಿಯವನು ಚಾಕಲೇಟನ್ನು ಕೈಗಿಟ್ಟು ಕಳಿಸುವ ರೂಢಿಯು ಹುಟ್ಟಿದ್ದು ಹೀಗೆಯೇ. ಡಿಜಿಟಲ್ ಹಣವು ಆ ನೆವವನ್ನು ಕಿತ್ತುಹಾಕಿದೆ. ಅಲ್ಲಿ ಚಿಲ್ಲರೆಗೆ ಬರವಿಲ್ಲ. ಪೈಸೆಯನ್ನು ಕೇಳುವ ಬಾಯಿ ಮಾತ್ರ ಬೇಕು.

ಇಳಕಲ್ಲಿನ ನೇಕಾರರ ಕೆಲಸದಲ್ಲಿ ಇದಕ್ಕೊಂದು ಉಪಮಾನವಿದೆ. ಅಲ್ಲಿ ಸೀರೆಯ ಒಡಲಿನ ಎಳೆಗಳಿಗೆ ರೇಶಿಮೆಯ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೆಳೆ ತಪ್ಪಿದರೆ ಕಣ್ಣಿಗೆ ಬೀಳದು, ಆದರೆ ನೇಯುವವನಿಗೆ ತಿಳಿಯುತ್ತದೆ. ಅವನು ಎಳೆಯನ್ನು ಲೆಕ್ಕಕ್ಕೆ ಹಿಡಿದಿರುವದೇ ಅದಕ್ಕೆ ಕಾರಣ. ಗೋಮಿ, ಗಾಡಿ, ಪರಾಸಪೇಟೆ ಎಂದು ದಡಿಗಳಿಗೆ ಹೆಸರುಗಳು ನಿಂತದ್ದೂ ನೇಯುವವರ, ಮಾರುವವರ, ಉಡುವವರ ಬಾಯಲ್ಲಿ. ಹಣದ ಕಿರಿಯ ಅಂಶಕ್ಕೂ ಅಂಥದೇ ಹೆಸರು ಬೇಕು: ದೊಡ್ಡದರೊಡನೆ ಅದರ ಕೊಂಡಿಯನ್ನು ತೋರಿಸುವಂಥದು, ಎಣಿಸಲು ಸುಲಭವಾದದ್ದು, ಕೇಳಲು ನಾಚಿಕೆಯಾಗದಂಥದು.

ಆದುದರಿಂದ ಹೊಸ ಹಣಕ್ಕೆ ಹೊಸ ಹೆಸರನ್ನು ಹುಡುಕುವ ಮೊದಲು ಇದ್ದ ಹೆಸರಿನ ಬಳಕೆಯನ್ನು ಕಾಯುವದು ಶ್ರೇಯಸ್ಕರ. ಮನೆಯ ಲೆಕ್ಕದ ಪುಸ್ತಕದಲ್ಲಿ ಪೈಸೆಯ ಕಲಮನ್ನು ಖಾಲಿ ಬಿಡದಿರುವದು, ಮಕ್ಕಳಿಗೆ ವೀಸ, ಹಾಗ, ಆಣೆಗಳ ಕೋಷ್ಟಕವನ್ನು ಭಿನ್ನರಾಶಿಯ ಜೊತೆಗೆ ಒಮ್ಮೆ ಹೇಳಿಕೊಡುವದು, ಇವು ಸಣ್ಣ ಕೆಲಸಗಳೇ ಸರಿ. ಆದರೆ ಸಣ್ಣದಕ್ಕೆ ಹೆಸರು ಉಳಿದಿರುವ ತನಕ ಮಾತ್ರ ಸಣ್ಣದರ ಲೆಕ್ಕ ಉಳಿಯುತ್ತದೆ. ಮತ್ತು ಸಣ್ಣದರ ಲೆಕ್ಕದಲ್ಲಿಯೇ ಬಡವನ ಪಾಲು ಇರುತ್ತದೆ.