ಹಸಿರು ಕೋಟಿನ ಮಡಿ

ಮಡಿ ಅಂದರೆ ನಮಗೆ ಗೊತ್ತು. ಒದ್ದೆ ಪಂಚೆ, ಮೈ ಮುದುರಿಕೊಂಡ ನಡಿಗೆ, ‘ದೂರ ದೂರ’ ಅನ್ನುವ ಬಾಯಿ. ಅಮೆರಿಕದಂಥ ದೇಶದಲ್ಲಿ ಕೋಟಿಗೂ ಮಡಿಯಿದೆ ಅಂದರೆ ನಂಬ್ತೀರಾ? ಅಲ್ಲಿನ ಜಾರ್ಜಿಯಾ ರಾಜ್ಯದ ಆಗಸ್ಟಾ ಊರಲ್ಲಿ ಆಗಸ್ಟಾ ನ್ಯಾಷನಲ್ ಎಂಬ ಗಾಲ್ಫ್ ಕ್ಲಬ್ಬಿದೆ. ಅದರ ಸದಸ್ಯರಿಗೆ ಒಂದು ಹಸಿರು ಕೋಟು. ಅದನ್ನು ಕ್ಲಬ್ಬಿನ ಆವರಣದೊಳಗೆ ಮಾತ್ರ ತೊಡಬೇಕು, ಗೇಟು ದಾಟಿಸುವ ಹಾಗಿಲ್ಲ. ವರ್ಷವರ್ಷ ಏಪ್ರಿಲಿನಲ್ಲಿ ಅಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯ ಗೆದ್ದವನಿಗೆ ಮಾತ್ರ ಒಂದು ವರ್ಷದ ವಿನಾಯಿತಿ. ಆಮೇಲೆ ಅವನೂ ತಂದು ಅಲ್ಲೇ ಇಡಬೇಕು.

ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರಿಗೆ ಗರ್ಭಗುಡಿ ನೆನಪಾದರೆ ತಪ್ಪಿಲ್ಲ. ನೋಡಲು ಬಂದವರು ಓಡಕೂಡದು, ಮೊಬೈಲು ತರಕೂಡದು. ವಿವರಣೆ ಕೊಡುವವನೂ ದನಿ ತಗ್ಗಿಸಿ ಮಾತಾಡ್ತಾನೆ. ನೆಲ ಚೆಲುವಾಗಿದೆ, ನಿಜ. ಕಣ್ಣೆದುರಿನ ಚೆಲುವನ್ನು ಇಲ್ಲ ಅನ್ನುವ ಹಟ ನಮಗೆ ಬೇಡ. ಆದರೆ ಹುಲ್ಲು, ಹೂವು, ನೀರು ಸಾರ್ವಜನಿಕ ಗಾಲ್ಫ್ ಮೈದಾನಗಳಲ್ಲೂ ಇವೆ, ದುಡ್ಡು ಕೊಟ್ಟವರು ಹೋಗಿ ಆಡಿ ಬರ್ತಾರೆ. ಆಗಸ್ಟಾದ ಸದಸ್ಯನಾಗಲು ಕೋಟ್ಯಧಿಪತಿಯೂ ಅರ್ಜಿ ಹಾಕುವಂತಿಲ್ಲ. ಅವರೇ ಕರೆಯಬೇಕು. ಯಾರು ಯಾರು ಸದಸ್ಯರು ಅನ್ನೋ ಪಟ್ಟಿಯನ್ನೂ ಕ್ಲಬ್ಬು ಹೊರಗೆ ಹಾಕುವುದಿಲ್ಲ. ಇದರ ಸೆಳೆತವೆಲ್ಲ ಆ ಬೇಲಿಯಲ್ಲಿದೆ. ಎಲ್ಲವನ್ನೂ ಕೊಂಡುಕೊಂಡವನಿಗೆ ಕೊನೆಗೆ ದುಡ್ಡಿಗೆ ಸಿಗದ್ದೊಂದು ಬೇಕಾಗ್ತದೆ. ನಮ್ಮಲ್ಲಾದರೆ ಅದು ಮೇಲ್ಜಾತಿಯಲ್ಲಿ ಹುಟ್ಟಿದವನಿಗೆ ಪುಕ್ಕಟೆ ಸಿಗುತ್ತದೆ!

ಈ ಕ್ಲಬ್ಬು ಕಟ್ಟಿದವರು ಬಾಬಿ ಜೋನ್ಸ್ ಎಂಬ ಹೆಸರಾಂತ ಆಟಗಾರ, ಕ್ಲಿಫರ್ಡ್ ರಾಬರ್ಟ್ಸ್ ಎಂಬ ಹಣಕಾಸಿನ ಕುಳ. ಮೊದಲ ಪಂದ್ಯ 1934ರಲ್ಲಿ. ಅಲ್ಲಿಂದ 1975ರಲ್ಲಿ ಲೀ ಎಲ್ಡರ್ ಬರುವತನಕ ಅಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಆಡಲಿಲ್ಲ. ಹಾಗಂತ ಕಪ್ಪು ಜನ ಆ ಹುಲ್ಲಿನ ಮೇಲೆ ಕಾಲೇ ಇಡಲಿಲ್ಲ ಅಂತಲ್ಲ. ದಿನಾ ಇಟ್ಟರು, ಬಿಳಿಯರ ಚೀಲ ಹೊತ್ತು.

ಈ ಚೀಲ ಹೊರುವವರಿಗೆ ಕ್ಯಾಡಿ ಅಂತಾರೆ. 1982ರವರೆಗೆ ಮಾಸ್ಟರ್ಸ್ ಆಡುವವರು ಕ್ಲಬ್ಬಿನ ಕ್ಯಾಡಿಗಳನ್ನೇ ಇಟ್ಟುಕೊಳ್ಳಬೇಕಿತ್ತು, ಆ ಕ್ಯಾಡಿಗಳು ಕಪ್ಪು ಜನ. ಬರೀ ಹೊರೆಯ ಕೆಲಸ ಅಂದುಕೊಳ್ಳಬೇಡಿ. ಗಾಳಿ ಎತ್ತ ಬೀಸ್ತಿದೆ, ಕುಳಿ ಎಷ್ಟು ದೂರ, ಯಾವ ಕೋಲು ಹಿಡಿಯಬೇಕು, ಚೆಂಡು ಕುಳಿಯ ಹತ್ತಿರ ಬಂದ ಮೇಲೆ ಹುಲ್ಲಿನ ಇಳಿಜಾರು ಯಾವ ಕಡೆಗೆ, ಇದನ್ನೆಲ್ಲ ಓದಿ ಹೇಳುವವನು ಅವನು. ಕಾರ್ಲ್ ಜಾಕ್ಸನ್ 14 ವರ್ಷದ ಹುಡುಗನಾಗಿದ್ದಾಗ, 1961ರಲ್ಲಿ, ಅಲ್ಲಿ ಮೊದಲ ಬಾರಿ ಮಾಸ್ಟರ್ಸ್ ಚೀಲ ಹೊತ್ತ. ಬೆನ್ ಕ್ರೆನ್‌ಶಾ 1984ರಲ್ಲಿ, ಮತ್ತೆ 1995ರಲ್ಲಿ ಗೆದ್ದು ಹಸಿರು ಕೋಟು ತೊಟ್ಟಾಗ ಪಕ್ಕದಲ್ಲಿದ್ದು ನೆಲ ಓದಿದವನು ಅವನೇ. ಗದ್ದೆಯ ನೀರಿನ ಲೆಕ್ಕ ಆಳುಮಗನ ತಲೆಯಲ್ಲಿ, ಪಹಣಿಯಲ್ಲಿ ಮಾತ್ರ ಗೌಡರ ಹೆಸರು.

1983ರಿಂದ ಆಟಗಾರರು ತಮತಮಗೆ ಬೇಕಾದ ಕ್ಯಾಡಿಯನ್ನು ಕರೆತರಬಹುದು ಎಂದಾಯಿತು. ಕಪ್ಪು ಜನವೇ ಹೊರಬೇಕು ಅನ್ನುವ ಕಟ್ಟು ಹೋಯ್ತಲ್ಲ, ಸಂತೋಷ ಪಡೋಣವೇ? ಬಂದ ಹೊಸಬರು ಹೆಚ್ಚಿನಂಶ ಬಿಳಿಯರು. ಗೆದ್ದ ಹಣದಲ್ಲಿ ಕ್ಯಾಡಿಗೂ ಪಾಲುಂಟು, ಆ ಹಣವೋ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹೊರೆಗೆ ಬೆಲೆ ಬರುವ ಹೊತ್ತಿಗೆ ಹಳೆಯ ಹೆಗಲುಗಳು ಬೇಡವಾದವು. ಜಾಕ್ಸನ್‌ನಂಥವರು ಉಳಿದದ್ದು ಕೆಲವರು ಮಾತ್ರ.

ಬೇಲಿ ಒಂದು ಕ್ಲಬ್ಬಿನದಷ್ಟೇ ಆಗಿರಲಿಲ್ಲ. ಅಲ್ಲಿನ ವೃತ್ತಿ ಆಟಗಾರರ ಸಂಘ ಪಿಜಿಎ, ಬಿಳಿಯ ಜನಾಂಗದವರಿಗೆ ಮಾತ್ರ ಸದಸ್ಯತ್ವ ಅಂತ ತನ್ನ ನಿಯಮಾವಳಿಯಲ್ಲೇ ಬರೆದು, 1961ರವರೆಗೆ ಕಾಪಾಡಿಕೊಂಡು ಬಂತು. ಚಾರ್ಲಿ ಸಿಫರ್ಡ್ ಎಂಬ ಕಪ್ಪು ಆಟಗಾರ 1967ರಲ್ಲೂ 1969ರಲ್ಲೂ ದೊಡ್ಡ ಪಂದ್ಯ ಗೆದ್ದ. ಆಗಸ್ಟಾದ ಕರೆ ಬರಲೇ ಇಲ್ಲ. ಲೀ ಎಲ್ಡರ್‌ನನ್ನು 2021ರಲ್ಲಿ ಪಂದ್ಯದ ಆರಂಭದ ಗೌರವಕ್ಕೆ ಕರೆದರು. ಆಗ ಅವನ ಮೂಗಿನಲ್ಲಿ ಆಮ್ಲಜನಕದ ಕೊಳವೆ, ಚೆಂಡು ಹೊಡೆಯುವ ಶಕ್ತಿಯಿರಲಿಲ್ಲ. ಅದೇ ವರ್ಷ ತೀರಿಕೊಂಡ.

ಕಾಲ ಬದಲಾಯ್ತು, ಮನಸ್ಸು ಕರಗಿತು ಅನ್ನುವವರಿದ್ದಾರೆ. ಕರಗಿದ್ದು ಹೇಗೆ ಅಂತ ನೋಡಿ. 1990ರಲ್ಲಿ ಪಿಜಿಎ ಚಾಂಪಿಯನ್‌ಷಿಪ್ ನಡೆಯಬೇಕಿದ್ದ ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನ ಸ್ಥಾಪಕ, ಕಪ್ಪು ಜನರನ್ನು ಸೇರಿಸುವುದು ತಮ್ಮಲ್ಲಿಲ್ಲ ಎಂದು ಬಾಯಿಬಿಟ್ಟು ಹೇಳಿಬಿಟ್ಟ. ಕಪ್ಪು ಸಂಘಟನೆಗಳು ಎದ್ದು ನಿಂತವು, ಜಾಹೀರಾತಿನ ಕಂಪನಿಗಳು ಜಾರಿಕೊಂಡವು. ಅದೇ ವರ್ಷ ಆಗಸ್ಟಾಕ್ಕೂ ಮೊದಲ ಕಪ್ಪು ಸದಸ್ಯ ಬಂದ! ಹೆಂಗಸರ ಸರದಿಯಲ್ಲಿ ಕ್ಲಬ್ಬು ಇನ್ನೂ ಬಿಗಿಯಾಯ್ತು. 2002ರಲ್ಲಿ ಮಾರ್ಥಾ ಬರ್ಕ್ ಎಂಬ ಹೋರಾಟಗಾರ್ತಿ ಪ್ರಶ್ನೆ ಎತ್ತಿದಾಗ, ಬಯೊನೆಟ್ಟಿನ ಮೊನೆಗೆ ತಾವು ಬಗ್ಗುವವರಲ್ಲ ಅನ್ನುವ ಅರ್ಥದ ಮಾತಾಡಿದ ಅಧ್ಯಕ್ಷ ಹೂಟಿ ಜಾನ್ಸನ್. ಕಂಪನಿಗಳ ಮೇಲೆ ಒತ್ತಡ ತರ್ತಾರೆ ಅಂತ 2003 ಮತ್ತು 2004ರ ಟಿವಿ ಪ್ರಸಾರವನ್ನು ಜಾಹೀರಾತೇ ಇಲ್ಲದೆ ನಡೆಸಿದರು. ಬೇಲಿ ಉಳಿಸಿಕೊಳ್ಳಲು ಅಷ್ಟು ದುಡ್ಡು ಚೆಲ್ಲಿದರು. ಕೊನೆಗೆ 2012ರಲ್ಲಿ ಸೇರಿಸಿಕೊಂಡ ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ದೇಶದ ವಿದೇಶಾಂಗ ಮಂತ್ರಿಯಾಗಿದ್ದ ಕಾಂಡೊಲೀಸಾ ರೈಸ್, ಇನ್ನೊಬ್ಬಾಕೆ ಹಣಕಾಸು ಲೋಕದ ಡಾರ್ಲಾ ಮೂರ್.

ನಮ್ಮಲ್ಲಿಗೆ ಈ ಆಟ ಬ್ರಿಟಿಷರ ಜೊತೆ ಬಂತು. ಬೆಂಗಳೂರು ಗಾಲ್ಫ್ ಕ್ಲಬ್ಬು ಶುರುವಾದದ್ದು 1876ರಲ್ಲಿ. ದೊರೆಗಳು ಹಡಗು ಹತ್ತಿದರು, ಚೀಲ ಹೊರುವವರು ಇಲ್ಲೇ ಉಳಿದರು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದಿಲ್ಲಿಯಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪನವರೂ ಚೀಲ ಹೊತ್ತೇ ಆಟ ಕಲಿತವರು. ಇಂಥ ಕಥೆ ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವ ಕ್ಲಬ್ಬಿನ ಮಂದಿಯನ್ನು ಒಂದು ಮಾತು ಕೇಳಬೇಕು. ಆಟದ ಅರಿವು ಚೀಲ ಹೊತ್ತವನ ಹತ್ತಿರವೇ ಇದ್ದರೆ, ನಿಮ್ಮ ಸದಸ್ಯತ್ವ ಯಾತಕ್ಕೆ ಕೊಟ್ಟ ಬಿರುದು ಸ್ವಾಮಿ?

ಉತ್ತರ ದಿಲ್ಲಿಯಲ್ಲೇ ಸಿಕ್ಕಿತ್ತು. ಅಲ್ಲಿನ ಗಾಲ್ಫ್ ಕ್ಲಬ್ಬು ನಿಂತಿದ್ದು ಸರ್ಕಾರದ ಗುತ್ತಿಗೆ ನೆಲದ ಮೇಲೆ. 2017ರ ಜೂನಿನಲ್ಲಿ ಮೇಘಾಲಯದ ಖಾಸಿ ಹೆಂಗಸೊಬ್ಬರು ತಮ್ಮ ಸೀಮೆಯ ಉಡುಗೆ ಜೈನ್ಸೆಮ್ ಉಟ್ಟು, ಕರೆದವರ ಜೊತೆಗೇ ಅಲ್ಲಿಗೆ ಊಟಕ್ಕೆ ಹೋಗಿದ್ದರು. ಮನೆಗೆಲಸದವಳ ಹಾಗೆ ಕಾಣ್ತೀಯ ಅಂತ ಊಟದ ಮೇಜಿನಿಂದ ಎಬ್ಬಿಸಿದರು ಎಂದು ಅವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು.